ಹೆರಿಗೆ ಕೋಣೆಯಲ್ಲಿ ‘ರಿಲ್ಯಾಕ್ಸ್’ಗೆ ಯಾವ ಕನ್ನಡ? ಒತ್ತಡ, ಬಿಗಿತ, ಬೇನೆ, ಬಿಡುವು ಪದಗಳ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ನರ್ಸಿಂಗ್ ಕಲಿಸುವವಳು. ಹುಟ್ಟಿದ್ದು ಹಾಸನದ ಕಡೆ. ಕೆಲಸಕ್ಕೆ ಸೇರಿದ ಮೊದಲ ಎಂಟು ವರ್ಷ ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿದ್ದೆ. ಆಮೇಲೆ ಮೈಸೂರು ಸೀಮೆಗೆ ಬಂದೆ. ಈಗ ಎಎನ್‌ಎಂ, ಜಿಎನ್‌ಎಂ ಅನ್ನುವ ನರ್ಸಿಂಗ್ ಕೋರ್ಸ್ ಓದುವ ಹುಡುಗಿಯರಿಗೆ ಪಾಠ ಮಾಡುತ್ತೇನೆ. ಅವರ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ, ಆದರೆ ಅವರು ಮಾತಾಡಬೇಕಾದ ಹೆಂಗಸರು ಕನ್ನಡದವರು. ಅದಕ್ಕೇ ಮುಟ್ಟಿನ ನೋವು, ಹೆರಿಗೆ ನೋವು, ಆ ಹೊತ್ತಿನ ಗಾಬರಿ, ಮೈಮನಸ್ಸು ಹಗುರ ಮಾಡುವ ಕ್ರಮ, ಇಷ್ಟರ ಮೇಲೆ ಒಂದು ಸಣ್ಣ ಕನ್ನಡ ಕೈಪಿಡಿ ಬರೆಯಲು ಕೂತಿದ್ದೇನೆ. ಸ್ಟ್ರೆಸ್, ರಿಲ್ಯಾಕ್ಸೇಶನ್, ಪೇನ್ ಅನ್ನುವ ಮೂರು ಪದಗಳ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ. ನಿಘಂಟಿನಲ್ಲಿ ಮೂರಕ್ಕೂ ಕನ್ನಡ ಇದೆ. ಆದರೆ ಆ ಕನ್ನಡ ಮಂಚದ ಮೇಲೆ ಮಲಗಿರುವ ಹೆಂಗಸಿಗೆ ತಲುಪುತ್ತಿಲ್ಲ. ನಿಮ್ಮ ಸಹಾಯ ಬೇಕು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಬರೀ ಪದ ಕೊಟ್ಟು ಸಂದರ್ಭ ಹೇಳದಿದ್ದರೆ ಇದು ಅರ್ಥವಾಗುವ ವಿಷಯ ಅಲ್ಲ.

ಮೊದಲು ಒತ್ತಡ. ಸ್ಟ್ರೆಸ್‌ಗೆ ಎಲ್ಲ ಕಡೆ ಹೀಗೇ ಬರೆಯುತ್ತಾರೆ. ಪತ್ರಿಕೆಯಲ್ಲಿ ಓದುವಾಗ ಸರಿಯಾಗೇ ಇದೆ. ಕೆಲಸದ ಒತ್ತಡ, ಪರೀಕ್ಷೆ ಒತ್ತಡ ಅಂದರೆ ಯಾರಿಗಾದರೂ ತಿಳಿಯುತ್ತದೆ. ಹೆರಿಗೆ ವಾರ್ಡಿನ ಬಾಗಿಲು ದಾಟಿದ ಕೂಡಲೇ ಅದು ಬೇರೆ ಪದ ಆಗಿಬಿಡುತ್ತದೆ. ತಪಾಸಣೆಗೆ ಬಂದ ಬಸುರಿಯನ್ನು ‘ನಿಮಗೆ ಒತ್ತಡ ಇದೆಯಾ’ ಅಂತ ಕೇಳಿ ನೋಡಿ, ಬಹಳ ಜನ ತಾಯಿ ಕಾರ್ಡ್ ತೆಗೆದು ಮುಂದೆ ಹಿಡಿಯುತ್ತಾರೆ. ‘ಇಲ್ಲ ಸಿಸ್ಟರ್, ಹೋದ ತಿಂಗಳು ಬಿಪಿ ನೋಡಿದ್ರು, ನಾರ್ಮಲ್ ಅಂದ್ರು.’ ರಕ್ತದೊತ್ತಡದ ಒತ್ತಡ ಅದು. ನಾವೇ ಪ್ರತಿ ಸಲ ತೋಳಿಗೆ ಪಟ್ಟಿ ಕಟ್ಟಿ ಅವರಿಗೆ ಕಲಿಸಿಕೊಟ್ಟ ಅರ್ಥ.

ಇನ್ನೊಂದು ಒತ್ತಡ ಇದಕ್ಕಿಂತ ಮುಖ್ಯವಾದದ್ದು. ಮಗುವಿನ ತಲೆ ಕೆಳಗೆ ಇಳಿದು ಗುದದ ಕಡೆ ಒತ್ತುವಾಗ ಹೆಂಗಸಿಗೆ ತಿಣುಕಬೇಕು ಅನಿಸುತ್ತದೆ. ‘ಕೆಳಗೆ ಒತ್ತಿದ ಹಾಗಾಗ್ತಿದೆ’, ‘ಸಂಡಾಸಿಗೆ ಬಂದ ಹಾಗಾಗ್ತಿದೆ’ ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನರ್ಸ್ ಕೈಗವಸು ಹಾಕಿಕೊಂಡು ಸಿದ್ಧಳಾಗಬೇಕು. ಒಂದು ಮಧ್ಯಾಹ್ನ ಮೊದಲ ಹೆರಿಗೆಗೆ ಬಂದ ಹುಡುಗಿ, ಡಿಗ್ರಿ ಓದಿದವಳು, ಮಂಚದ ಕಂಬಿ ಹಿಡಿದುಕೊಂಡು ‘ಒತ್ತಡ ಜಾಸ್ತಿ ಆಗ್ತಿದೆ, ತಡೆಯೋಕಾಗ್ತಿಲ್ಲ’ ಅಂದಳು. ಹತ್ತಿರ ಇದ್ದ ನನ್ನ ವಿದ್ಯಾರ್ಥಿನಿ ಒಳ್ಳೆಯ ಹುಡುಗಿ. ಅವಳ ತಲೆ ಸವರುತ್ತಾ ‘ಟೆನ್ಷನ್ ತಗೋಬೇಡಿ ಅಕ್ಕ, ಎಲ್ಲ ಸರಿಹೋಗುತ್ತೆ’ ಅಂತ ಸಮಾಧಾನ ಮಾಡುತ್ತಾ ನಿಂತಳು. ಹಿಂದಿನ ದಿನವಷ್ಟೇ ತರಗತಿಯಲ್ಲಿ ಸ್ಟ್ರೆಸ್ ಅಂದರೆ ಒತ್ತಡ ಅಂತ ಬರೆಸಿದ್ದೆ. ನಾನು ಆಚೆ ಮಂಚದಿಂದ ಬಂದು ನೋಡುವ ಹೊತ್ತಿಗೆ ಮಗುವಿನ ತಲೆಗೂದಲು ಕಾಣುತ್ತಿತ್ತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಆದರೆ ಅವತ್ತಿನಿಂದ ಹೆರಿಗೆ ಕೋಣೆಯ ಮಟ್ಟಿಗೆ ಒತ್ತಡ ಅನ್ನುವ ಪದವನ್ನು ಕೆಳಗಿನ ಒತ್ತಡಕ್ಕೆ ಮಾತ್ರ ಬಿಟ್ಟುಕೊಟ್ಟಿದ್ದೇನೆ, ಮನಸ್ಸಿನ ವಿಷಯಕ್ಕೆ ಬಳಸಬೇಡಿ ಅಂತ ಹುಡುಗಿಯರಿಗೆ ಕಡ್ಡಾಯವಾಗಿ ಹೇಳುತ್ತೇನೆ.

ಹಾಗಾದರೆ ಮನಸ್ಸಿನದಕ್ಕೆ ಏನನ್ನುವುದು? ನಮ್ಮ ಕಡೆ ‘ಯೋಚನೆ’ ಅನ್ನುತ್ತಾರೆ. ‘ತುಂಬಾ ಯೋಚನೆ ಮಾಡ್ತಾಳೆ ಸಿಸ್ಟರ್’ ಅಂತ ಅತ್ತೆ ಹೇಳಿದರೆ ಸೊಸೆ ಚಿಂತೆಯಲ್ಲಿದ್ದಾಳೆ ಅಂತ ಅರ್ಥ. ಬರವಣಿಗೆಗೆ ಬಂದರೆ ಯೋಚನೆ ಬರೀ ಆಲೋಚನೆ ಆಗಿಬಿಡುತ್ತದೆ, ಆ ಭಾರ ಇರುವುದಿಲ್ಲ. ಆತಂಕ, ಉದ್ವೇಗ ಇವು ಪುಸ್ತಕದವು. ನನಗೆ ಇಷ್ಟವಾದದ್ದು ದಿಗಿಲು. ಹೆರಿಗೆ ಹತ್ತಿರ ಬಂದಾಗಿನ ಭಯಕ್ಕೆ ಇದಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ. ಮನೆ ತಾಪತ್ರಯಕ್ಕೆ ಚಿಂತೆ, ಹೆರಿಗೆ ಭಯಕ್ಕೆ ದಿಗಿಲು ಅಂತ ಕೈಪಿಡಿಯಲ್ಲಿ ಬೇರೆ ಬೇರೆ ಇಟ್ಟಿದ್ದೇನೆ. ಆದರೆ ದಿಗಿಲು ಉತ್ತರ ಕರ್ನಾಟಕದಲ್ಲಿ ಎಷ್ಟು ನಡೆಯುತ್ತದೆ? ಅಲ್ಲಿ ನಾನು ಜಾಸ್ತಿ ಕೇಳಿದ್ದು ‘ಅಂಜಿಕಿ’. ಬಲ್ಲವರು ಹೇಳಿ.

ಇನ್ನು ಟೆನ್ಷನ್. ಇದು ಈಗ ಅಪ್ಪಟ ಕನ್ನಡ ಪದ ಆಗಿಹೋಗಿದೆ, ಅದರ ಬಗ್ಗೆ ನನಗೇನೂ ತಕರಾರಿಲ್ಲ. ತೊಂದರೆ ಬಂದಿರುವುದು ಬೇರೆ ಕಡೆ. ಗ್ರಾಂಟ್ಲಿ ಡಿಕ್ ರೀಡ್ ಅಂತ ಬ್ರಿಟನ್ನಿನ ಒಬ್ಬ ಹೆರಿಗೆ ವೈದ್ಯರಿದ್ದರು. 1933ರಲ್ಲಿ ಅವರು ಒಂದು ವಿಚಾರ ಮುಂದಿಟ್ಟರು. ಹೆಂಗಸು ಹೆದರಿದರೆ ಮೈ ಬಿಗಿಯಾಗುತ್ತದೆ, ಮೈ ಬಿಗಿಯಾದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಮತ್ತೆ ಹೆದರಿಕೆ. ಇಂಗ್ಲಿಷಿನಲ್ಲಿ ಇದನ್ನು ಫಿಯರ್, ಟೆನ್ಷನ್, ಪೇನ್ ಅಂತ ಮೂರು ಪದದಲ್ಲಿ ಹೇಳುತ್ತಾರೆ. ಇಂದಿಗೂ ಎಲ್ಲ ನರ್ಸಿಂಗ್ ಪಾಠದಲ್ಲಿ ಇದು ಬರುತ್ತದೆ. ನಮ್ಮ ಹುಡುಗಿಯರು ಇದನ್ನು ‘ಭಯ, ಟೆನ್ಷನ್, ನೋವು’ ಅಂತ ಬರೆದುಕೊಳ್ಳುತ್ತಾರೆ, ಓದುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ನಡುವಿನ ಟೆನ್ಷನ್ ಮನಸ್ಸಿನ ಚಿಂತೆ ಅಂತಲೇ ಅವರು ತಿಳಿದಿರುತ್ತಾರೆ, ಯಾಕೆಂದರೆ ಕನ್ನಡದ ಟೆನ್ಷನ್‌ಗೆ ಅದೊಂದೇ ಅರ್ಥ. ರೀಡ್ ಹೇಳಿದ್ದು ಮಾಂಸಖಂಡದ ಬಿಗಿತ. ಕಣ್ಣಿಗೆ ಕಾಣುವಂಥದ್ದು ಅದು. ಹುಬ್ಬು ಗಂಟಿಕ್ಕಿರುತ್ತದೆ, ಹಲ್ಲು ಕಚ್ಚಿರುತ್ತಾಳೆ, ಹೆಗಲು ಕಿವಿಯ ಹತ್ತಿರ ಬಂದಿರುತ್ತದೆ, ಮುಷ್ಟಿ ಬಿಗಿದಿರುತ್ತದೆ, ಕಾಲ್ಬೆರಳು ಒಳಗೆ ಮಡಚಿರುತ್ತದೆ. ನರ್ಸ್ ನೋಡಬೇಕಾದದ್ದು ಆ ಕಾಲ್ಬೆರಳನ್ನು. ಟೆನ್ಷನ್ ಅಂತ ಬರೆದರೆ ಅವಳು ಮುಖ ನೋಡಿ ಧೈರ್ಯ ಹೇಳುತ್ತಾಳೆ, ಬಿಗಿತ ಅಂತ ಬರೆದರೆ ಕಾಲು ನೋಡುತ್ತಾಳೆ. ಅದಕ್ಕೆ ನಾನು ‘ದಿಗಿಲು, ಬಿಗಿತ, ನೋವು’ ಅಂತ ಬದಲಾಯಿಸಿದ್ದೇನೆ. ಹೇಗಿದೆ?

ಇಲ್ಲಿ ಒಂದು ಮಾತು ಸೇರಿಸಲೇಬೇಕು. ‘ಹೆದರಿಕೆ ಬಿಟ್ಟರೆ ನೋವೇ ಇರಲ್ಲ’ ಅಂತ ಈ ವಿಚಾರವನ್ನು ಎಳೆಯುವವರಿದ್ದಾರೆ. ಅದು ಅನ್ಯಾಯ. ಗರ್ಭಕೋಶ ಬಲವಾಗಿ ಹಿಂಡುತ್ತದೆ, ಅದರ ಬಾಯಿ ತೆರೆಯುತ್ತದೆ, ಸುತ್ತಲಿನದೆಲ್ಲ ಹಿಗ್ಗುತ್ತದೆ. ಆ ನೋವು ನಿಜ. ದಿಗಿಲಿಂದ ಅದು ಜಾಸ್ತಿಯಾಗುತ್ತದೆ ಅಷ್ಟೇ. ಹೆಂಗಸಿಗೆ ನೋವಾದರೆ ಅದು ಅವಳ ಪುಕ್ಕಲುತನ ಅನ್ನುವ ಹಾಗೆ ಕೇಳಿಸುವ ಒಂದೇ ಒಂದು ವಾಕ್ಯವೂ ಕೈಪಿಡಿಯಲ್ಲಿ ಇರಬಾರದು ಅಂತ ನನ್ನ ಹಟ.

ಈಗ ರಿಲ್ಯಾಕ್ಸೇಶನ್‌ಗೆ ಬರೋಣ, ನಾನು ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಎಲ್ಲರೂ ಬರೆಯುವುದು ವಿಶ್ರಾಂತಿ. ವಿಶ್ರಾಂತಿ ಅಂದರೆ ಮಲಗುವುದು. ಹೋದ ವರ್ಷ ಒಂದು ಕಿರುಪರೀಕ್ಷೆಯಲ್ಲಿ ‘ಹೆರಿಗೆ ನೋವಿನಲ್ಲಿ ಅನುಸರಿಸಬಹುದಾದ ವಿಶ್ರಾಂತಿ ವಿಧಾನಗಳನ್ನು ಬರೆಯಿರಿ’ ಅಂತ ಕೇಳಿದ್ದೆ. ‘ರಾತ್ರಿ ಎಂಟು ಗಂಟೆ ಕಾಲ, ಮಧ್ಯಾಹ್ನ ಎರಡು ಗಂಟೆ ಕಾಲ ಮಲಗಬೇಕು’ ಅಂತ ತುಂಬಾ ಹುಡುಗಿಯರು ಬರೆದರು. ಬಸುರಿಗೆ ಹೇಳುವ ಸಲಹೆ ಅದು, ಸಲಹೆ ಸರಿಯಾಗೇ ಇದೆ. ನನ್ನ ಪ್ರಶ್ನೆಯ ಪದ ತಪ್ಪು.

ಯೋಗ ಹೇಳಿಕೊಡುವವರು ಶಿಥಿಲೀಕರಣ ಅನ್ನುತ್ತಾರೆ. ಯೋಗ ಶಿಬಿರದಲ್ಲಿ ಸರಿ. ಊರಿನ ಹೆಂಗಸಿಗೆ ಶಿಥಿಲ ಅಂದರೆ ಬೀಳುವ ಹಾಗಿರುವ ಶಾಲೆ ಕಟ್ಟಡ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡವಳ ಮೈಗೆ ಆ ಪದ ಹಚ್ಚಲು ನನಗೆ ಮನಸ್ಸು ಬರುವುದಿಲ್ಲ.

ಎಡ್ಮಂಡ್ ಜೇಕಬ್ಸನ್ ಅಂತ ಅಮೆರಿಕದ ವೈದ್ಯರು 1920ರ ದಶಕದಲ್ಲಿ ಒಂದು ಕ್ರಮ ರೂಪಿಸಿದರು. ಕೈ, ತೋಳು, ಮುಖ, ಹೊಟ್ಟೆ, ಕಾಲು ಹೀಗೆ ಒಂದೊಂದೇ ಭಾಗವನ್ನು ಮೊದಲು ಬಿಗಿ ಮಾಡಬೇಕು, ಆಮೇಲೆ ಸಡಿಲ ಬಿಡಬೇಕು. ಬಿಗಿ ಯಾವುದು ಸಡಿಲ ಯಾವುದು ಅಂತ ಮೈಗೆ ಗುರುತು ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಆರೈಕೆಯ ಬಗ್ಗೆ ಕೊಟ್ಟ ಸಲಹೆಗಳಲ್ಲಿಯೂ ಇದು ಇದೆ. ನೋವು ಕಡಿಮೆ ಮಾಡಿ ಅಂತ ಆರೋಗ್ಯವಂತ ಹೆಂಗಸು ಕೇಳಿದರೆ ಈ ಕ್ರಮ, ಉಸಿರಾಟದ ಕ್ರಮ, ಸಂಗೀತ ಇಂಥವನ್ನು ಅವಳ ಇಷ್ಟ ನೋಡಿ ಬಳಸಬಹುದು ಅಂತ. ಇದರ ಹೆಸರನ್ನು ನನಗೆ ಸಿಕ್ಕ ಒಂದು ಕನ್ನಡ ಕರಪತ್ರದಲ್ಲಿ ‘ಪ್ರಗತಿಪರ ಸ್ನಾಯು ವಿಶ್ರಾಂತಿ’ ಅಂತ ಮಾಡಿದ್ದಾರೆ. ಪ್ರಗತಿಪರ ರೈತ ಗೊತ್ತು, ಪ್ರಗತಿಪರ ಚಿಂತಕ ಗೊತ್ತು. ಪ್ರಗತಿಪರ ಸ್ನಾಯು ಅಂದರೆ ಏನೂ ಹುಟ್ಟುವುದಿಲ್ಲ. ಮೂಲದ ಅರ್ಥ ಒಂದಾದ ಮೇಲೊಂದು ಅಂತ ಅಷ್ಟೇ. ನಾನು ‘ಒಂದೊಂದೇ ಅಂಗ ಬಿಗಿದು ಬಿಡುವುದು’ ಅಂತ ಹಾಕಿದ್ದೇನೆ. ಹೆಸರು ಉದ್ದ ಆಯಿತು ಅಂತ ಜೊತೆಯವರು ಅಂದರು. ಆಗಲಿ, ಓದಿದ ಕೂಡಲೇ ಮಾಡಲು ಬರುತ್ತದಲ್ವಾ?

ಆರಾಮ ಅನ್ನಬಹುದಲ್ಲ ಅಂತ ನಿಮಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ವಿಜಯಪುರದ ಕಡೆ ಹೋದ ಹೊಸದರಲ್ಲಿ ನೋವಿನಿಂದ ಒದ್ದಾಡುತ್ತಿದ್ದ ಒಬ್ಬಾಕೆಗೆ ‘ಆರಾಮಾಗಿರಮ್ಮ’ ಅಂದೆ. ಆಕೆ ನನ್ನನ್ನೇ ನೋಡಿ ‘ಆರಾಮಿದ್ದಿದ್ರ ಇಲ್ಲಿಗ್ಯಾಕ ಬರ್ತಿದ್ನಿರಿ ಬಾಯಾರ?’ ಅಂದಳು. ಅಲ್ಲಿ ಆರಾಮ ಅಂದರೆ ಹುಷಾರಾಗಿರುವುದು, ಆರಾಮಿಲ್ಲ ಅಂದರೆ ಮೈಗೆ ಸರಿಯಿಲ್ಲ. ನನ್ನ ಮಾತು ಆಕೆಗೆ ‘ನಿನಗೇನೂ ಆಗಿಲ್ಲ’ ಅಂತ ಕೇಳಿಸಿತ್ತು. ನೋವಿನಲ್ಲಿರುವವಳಿಗೆ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ.

ನೋವಿನ ಪದಗಳಲ್ಲಿ ಅಲ್ಲಿ ನಾನು ಕಲಿತದ್ದು ಬಹಳ. ಒಂದು ತಪ್ಪನ್ನು ಮಾತ್ರ ಹೇಳಿಕೊಳ್ಳುತ್ತೇನೆ, ಯಾಕೆಂದರೆ ಈ ಕೈಪಿಡಿಯ ಆಸೆ ಹುಟ್ಟಿದ್ದೇ ಅವತ್ತು. ಏಳು ತಿಂಗಳ ಬಸುರಿ, ಜೊತೆಗೆ ಆಕೆಯ ದೊಡ್ಡಮ್ಮ. ಏನು ತೊಂದರೆ ಅಂದರೆ ‘ಕೆಳಗ ಕಡ್ಯಾಕತ್ತೈತ್ರಿ’ ಅಂದಳು. ನಮ್ಮ ಹಾಸನದ ಕಡೆ ಕಡಿತ ಅಂದರೆ ನವೆ. ಬಸುರಿಯರಿಗೆ ಬಿಳಿ ಸೆರಗು ಹೋಗಿ ನವೆ ಆಗುವುದು ಮಾಮೂಲು. ನಾನು ಕೇಸ್ ಶೀಟಿನಲ್ಲಿ ತುರಿಕೆ ಅಂತ ಬರೆದೆ, ಡಾಕ್ಟರು ಮುಲಾಮು ಬರೆದರು. ಔಷಧಿ ಕಿಟಕಿಯ ಹತ್ತಿರ ಹೋದ ದೊಡ್ಡಮ್ಮ ಮುಲಾಮು ಹಿಡಿದುಕೊಂಡು ವಾಪಸು ಬಂದರು. ‘ಹೊಟ್ಟಿ ಕಡ್ಯಾಕತ್ತೈತಿ ಅಂದ್ರ ಮುಲಾಮ್ ಯಾಕ ಕೊಟ್ರಿ ಬಾಯಾರ? ತಿಂಡಿ ಏನೂ ಇಲ್ಲ.’ ಅಲ್ಲಿ ಹೊಟ್ಟಿ ಕಡಿಯುವುದು ಅಂದರೆ ಹಿಂಡಿ ಹಿಂಡಿ ನೋಯುವುದು, ನವೆಗೆ ತಿಂಡಿ ಅನ್ನುತ್ತಾರೆ. ಓಡಿಹೋಗಿ ಹೊಟ್ಟೆಯ ಮೇಲೆ ಕೈಯಿಟ್ಟೆ. ಕಲ್ಲಿನ ಹಾಗೆ ಗಟ್ಟಿಯಾಯಿತು, ಸ್ವಲ್ಪ ಹೊತ್ತಿಗೆ ಮೆತ್ತಗಾಯಿತು, ಮತ್ತೆ ಗಟ್ಟಿ. ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು. ಆ ಸಂಜೆಯೇ ಜಿಲ್ಲಾಸ್ಪತ್ರೆಗೆ ಕಳಿಸಿದೆವು. ದೊಡ್ಡಮ್ಮ ವಾಪಸು ಬರದೆ ಸುಮ್ನೆ ಬಸ್ಸು ಹತ್ತಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ನೆನೆಸಿಕೊಳ್ಳುತ್ತೇನೆ.

ಅದೇ ವಾರ್ಡಿನಲ್ಲಿ ಕಲಿತ ಇನ್ನೊಂದು ಮಾತು ಬ್ಯಾನಿ ತಿನ್ನುವುದು, ಅಂದರೆ ಬೇನೆ ತಿನ್ನುವುದು. ‘ರಾತ್ರಿಯಿಂದ ಬ್ಯಾನಿ ತಿನ್ನಾಕತ್ತಾಳ್ರಿ’ ಅನ್ನುತ್ತಾರೆ. ನಮ್ಮ ಕಡೆ ‘ಅವಳಿಗೆ ನೋವು ಬರ್ತಿದೆ’ ಅನ್ನುತ್ತೇವೆ, ನೋವು ಎಲ್ಲಿಂದಲೋ ಬರುತ್ತದೆ, ಅವಳು ಸುಮ್ಮನೆ ಅನುಭವಿಸುತ್ತಾಳೆ. ಅಲ್ಲಿ ಹೆಂಗಸೇ ಕರ್ತೃ. ಅವಳು ಬ್ಯಾನಿ ತಿನ್ನುತ್ತಾಳೆ, ತಿಂದು ಮುಗಿಸುತ್ತಾಳೆ, ಮಗು ಹೆರುತ್ತಾಳೆ. ವ್ಯಾಕರಣ ಬಲ್ಲವರು ಇದರ ಬಗ್ಗೆ ಬರೆದರೆ ಖುಷಿಯಾಗುತ್ತದೆ. ವೇದನೆ ಸವೆದು ಬೇನೆ ಆಯಿತು ಅಂತ ನಿಘಂಟುಗಳು ಹೇಳುತ್ತವೆ. ಈಗ ನಮ್ಮ ಕರಪತ್ರಗಳಲ್ಲಿ ಅದೇ ‘ಪ್ರಸವ ವೇದನೆ’ ಅಂತ ವಾಪಸು ಬಂದಿದೆ. ಮಾತಿನಲ್ಲಿ ಹೆರಿಗೆ ಬೇನೆ ಇರುವಾಗ ಅದು ಯಾಕೆ ಬೇಕು?

ಹಳೆಯ ಬಳಕೆಯಲ್ಲಿ ನೋವು ಮತ್ತು ಬೇನೆ ಬೇರೆ ಬೇರೆ ಇದ್ದವೇನೋ ಅಂತ ನನ್ನ ಅನುಮಾನ. 12ನೇ ಶತಮಾನದ ಅಕ್ಕಮಹಾದೇವಿಯ ವಚನದಲ್ಲಿ ‘ಬಂಜೆ ಬೇನೆಯನರಿವಳೆ’ ಅಂತ ಬರುತ್ತದೆ. ಅಲ್ಲಿ ಬೇನೆ ಅಂದರೆ ಹೆರಿಗೆಯ ನೋವೇ. ಅದೇ ವಚನದಲ್ಲಿ ಮುಂದೆ ‘ನೊಂದವರ ನೋವ’ ಅನ್ನುವಾಗ ಎಲ್ಲ ಬಗೆಯ ನೋವು. (ಬಂಜೆ ಅನ್ನುವ ಪದವನ್ನು ನಾವು ಈಗ ವಾರ್ಡಿನಲ್ಲಿ ಬಳಸುವುದಿಲ್ಲ, ಬಳಸಲೂಬಾರದು.) ತುಳುವಿನಲ್ಲಿ ಬಂಜಿ ಅಂದರೆ ಹೊಟ್ಟೆ, ಬಂಜಿ ಬೇನೆ ಅಂದರೆ ಬರೀ ಹೊಟ್ಟೆನೋವು. ಹಾಗಾಗಿ ಮಂಗಳೂರು ಕಡೆಯ ಹೆಂಗಸು ಕನ್ನಡದಲ್ಲಿ ಹೊಟ್ಟೆಬೇನೆ ಅಂದರೆ ಹೆರಿಗೆ ಬಂತು ಅಂತ ಅಂದುಕೊಳ್ಳುವ ಹಾಗಿಲ್ಲ. ಹಳೇ ಮೈಸೂರಿನಲ್ಲಿ ಬೇನೆ ಅಂದರೆ ಕಾಯಿಲೆ ಅಂತಲೂ ಆಗುತ್ತದೆ, ‘ಏನ್ ಬೇನೆ ಬಂದಿದೆ ನಿಂಗೆ’ ಅಂತ ಬೈಯುವುದೂ ಉಂಟು. ಇಡೀ ರಾಜ್ಯಕ್ಕೆ ಒಂದೇ ಕೈಪಿಡಿ ಬರೆಯುವಾಗ ಬೇನೆಯನ್ನು ಯಾವ ಅರ್ಥಕ್ಕೆ ಕಟ್ಟಿಹಾಕಲಿ?

ನೋವು ಎಷ್ಟಿದೆ ಅಂತ ಕೇಳುವುದರಲ್ಲೂ ಇದೇ ಕಥೆ. ಸೊನ್ನೆಯಿಂದ 10ರವರೆಗೆ ಒಂದು ಸಂಖ್ಯೆ ಹೇಳಿ ಅಂತ ಕೇಳಬೇಕು. ಅದಕ್ಕೆ ‘ನೋವಿಗೆ ಎಷ್ಟು ಅಂಕ ಕೊಡ್ತೀರಿ’ ಅನ್ನುತ್ತಾರೆ. ಅಂಕ ಅಂದರೆ ಪರೀಕ್ಷೆ. ಹೆಚ್ಚು ಅಂಕ ಕೊಡುವುದು ಅಂದರೆ ಒಳ್ಳೆಯದು ಅಂತ ಕೇಳಿಸುತ್ತದೆ. ಗರ್ಭಕೋಶ ತೆಗೆಸಿಕೊಂಡು ಮಲಗಿದ್ದ ಒಬ್ಬ ಅಜ್ಜಿ ನನ್ನ ಸಂಖ್ಯೆಯನ್ನು ಪಕ್ಕಕ್ಕಿಟ್ಟು ತಾವೇ ಹೇಳಿದರು: ‘ನಿನ್ನೆ ರೂಪಾಯಿಗೆ ಹದಿನಾಲ್ಕಾಣೆ ಇತ್ತು ಕಣವ್ವ, ಇವತ್ತು ಆರೋ ಎಂಟೋ ಆಣೆಗೆ ಇಳಿದಿದೆ.’ ರೂಪಾಯಿಗೆ ಹದಿನಾರಾಣೆ. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬಲ್ಲರು? ಐವತ್ತು ದಾಟಿದವರನ್ನು ನಾನು ಈಗಲೂ ಆಣೆ ಲೆಕ್ಕದಲ್ಲೇ ಕೇಳುತ್ತೇನೆ, ಆಮೇಲೆ ಹತ್ತರ ಲೆಕ್ಕಕ್ಕೆ ತಂದು ಬರೆಯುತ್ತೇನೆ.

ಎಷ್ಟು ಅನ್ನುವುದು ಒಂದಾದರೆ ಎಂಥದ್ದು ಅನ್ನುವುದು ಇನ್ನೊಂದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ನೋವಿನ 78 ಪದಗಳನ್ನು 20 ಗುಂಪು ಮಾಡಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ರೋಗಿಗಳ ಬಾಯಿಂದ ಬರುವ ಪದಗಳಿಗೆ ಬೆಲೆ ಕೊಟ್ಟದ್ದು ಅದರ ಹೆಚ್ಚುಗಾರಿಕೆ. ಅದರ ಪದಗಳನ್ನು ಒಂದೊಂದಾಗಿ ಕನ್ನಡ ಮಾಡುವ ಬದಲು ನಮ್ಮ ಹೆಂಗಸರ ಬಾಯಿಂದಲೇ ಆರಿಸಬೇಕು ಅಂತ ನನ್ನ ಅಭಿಪ್ರಾಯ. ನನ್ನ ನೋಟ್‌ಬುಕ್ಕಿನಲ್ಲಿ ಹಿಂಡಿದ ಹಾಗೆ, ಕಿವುಚಿದ ಹಾಗೆ, ಜಗ್ಗಿದ ಹಾಗೆ, ನುಲಿದ ಹಾಗೆ, ಚುಳ್ ಅಂತ, ಸೊಂಟ ಕಳಚಿ ಬಿದ್ದ ಹಾಗೆ, ತೊಡೆಗೆ ಸೆಳೆದ ಹಾಗೆ ಅಂತ ಗುಡ್ಡೆ ಬಿದ್ದಿವೆ. ಮುಟ್ಟಿನ ನೋವಿಗೆ ಹಿಂಡಿದ ಹಾಗೆ, ಕಿವುಚಿದ ಹಾಗೆ ಅನ್ನುವವರೇ ಹೆಚ್ಚು. ಅದು ನಿಜವೂ ಹೌದು, ಪ್ರೊಸ್ಟಾಗ್ಲ್ಯಾಂಡಿನ್ ಅನ್ನುವ ವಸ್ತು ಜಾಸ್ತಿಯಾದಾಗ ಗರ್ಭಕೋಶ ತನ್ನನ್ನು ತಾನೇ ಹಿಂಡಿಕೊಳ್ಳುತ್ತದೆ. ಬಿಸಿನೀರಿನ ಚೀಲ ಇಟ್ಟರೆ ಹಿತ ಅನಿಸುವುದು ಆ ಬಿಗಿ ಸಡಿಲವಾಗುವುದರಿಂದ. ಆದರೆ ಹುಡುಗಿಯರು ಮುಟ್ಟು ಅನ್ನಲು ನಾಚಿ ‘ಹೊಟ್ಟೆನೋವು’ ಅಂದುಬಿಡುತ್ತಾರೆ, ಗ್ಯಾಸ್ಟ್ರಿಕ್ ಮಾತ್ರೆ ತಿಂದು ಹೋಗುತ್ತಾರೆ. ಅದರ ಬಗ್ಗೆ ಬೇರೆಯೇ ಬರೆಯಬೇಕು.

‘ಸುಳ್ಳು ನೋವು’ ಅನ್ನುವ ಪದವನ್ನು ಮಾತ್ರ ದಯವಿಟ್ಟು ಬಿಡೋಣ. ಹೆರಿಗೆಗೆ ಮುಂಚೆ ಬಂದು ಹೋಗುವ, ಲಯ ಇಲ್ಲದ ನೋವಿಗೆ ಎಲ್ಲರೂ ಹಾಗೇ ಅನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಗಾಡಿ ಮಾಡಿಕೊಂಡು ಬಂದವಳಿಗೆ ‘ಸುಳ್ಳು ನೋವು, ವಾಪಸ್ ಹೋಗಿ’ ಅಂದರೆ ಅವಳೇ ಸುಳ್ಳು ಹೇಳಿದಳು ಅಂತ ಮನೆಯವರು ತಿಳಿಯುತ್ತಾರೆ. ಮುಂದಿನ ಸಲ ನಿಜವಾದದ್ದು ಬಂದಾಗ ಬಾಯಿ ಬಿಡದೆ ಕೂತವರನ್ನು ನೋಡಿದ್ದೇನೆ. ‘ಮುಂಚಿನ ನೋವು’ ಅಂತ ನಾನು ಬಳಸುತ್ತಿದ್ದೇನೆ.

ಮತ್ತೆ ರಿಲ್ಯಾಕ್ಸ್‌ಗೆ ಬರುತ್ತೇನೆ. ಹೆಸರು ಹುಡುಕುತ್ತಾ ಕೂತದ್ದೇ ನನ್ನ ತಪ್ಪು ಅಂತ ಈಗ ಅನಿಸುತ್ತಿದೆ. ಕನ್ನಡದಲ್ಲಿ ಇದಕ್ಕೆ ಕ್ರಿಯಾಪದ ಇದೆ, ಬಿಡು. ವಾರ್ಡಿನಲ್ಲಿ ಕಿವಿಗೊಟ್ಟು ಕೇಳಿದರೆ ಎಲ್ಲವೂ ಈ ಒಂದು ಮಾತಿನಲ್ಲಿ ನಡೆಯುತ್ತಿದೆ. ಉಸಿರು ಬಿಡು. ಕೈ ಸಡಿಲ ಬಿಡು. ನೋವು ಬಿಟ್ಟು ಬಿಟ್ಟು ಬರ್ತಿದೆ. ಈಗ ಬಿಡ್ತು. ಗರ್ಭದ ಬಾಯಿ ಎಷ್ಟು ಬೆರಳು ಬಿಟ್ಟಿದೆ? ಬಿಗಿ ಹಿಡಿಯುವುದಕ್ಕೆ ಎದುರು ಬಿಡುವುದು. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಪದ ಬೇಕು, ನಮಗೆ ಒಂದೇ ಸಾಕು.

ನಮ್ಮ ಅಜ್ಜಿ ಊರಲ್ಲಿ ಹೆರಿಗೆ ಮಾಡಿಸುತ್ತಿದ್ದರು. ಹೆರಿಗೆ ತಡವಾದರೆ ಬಸುರಿಯ ತುರುಬು ಬಿಚ್ಚಿಸುತ್ತಿದ್ದರು, ಸೀರೆಯ ಗಂಟು ಸಡಿಲ ಮಾಡಿಸುತ್ತಿದ್ದರು, ಮನೆಯ ಪೆಟ್ಟಿಗೆ ಬೀಗ ಎಲ್ಲ ತೆಗೆಸುತ್ತಿದ್ದರು. ಬೀಗ ತೆಗೆದರೆ ಹೆರಿಗೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಬಿಗಿ, ಗಂಟು, ಸಡಿಲ, ಬಿಚ್ಚು, ಬಿಡು ಅನ್ನುವ ಪದಗಳು ಆ ಕೋಣೆಯಲ್ಲಿ ಆಗಲೇ ಇದ್ದವು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥವರ ಬಾಯಲ್ಲಿದ್ದ ಪದಗಳನ್ನು ಯಾರಾದರೂ ಬರೆದಿಟ್ಟುಕೊಂಡಿದ್ದರೆ ದಯವಿಟ್ಟು ಹಂಚಿಕೊಳ್ಳಿ.

ಬಿಡು ಅನ್ನುವುದರಲ್ಲಿ ಒಂದು ತೊಡಕು ಇದೆ. ಒಮ್ಮೆ ನಾನು ‘ಉಸಿರು ಬಿಟ್ಬಿಡು, ಪೂರ್ತಿ ಬಿಟ್ಬಿಡು’ ಅನ್ನುತ್ತಿದ್ದಾಗ ಪಕ್ಕದಲ್ಲಿದ್ದ ಹುಡುಗಿಯ ತಾಯಿ ನನ್ನ ಕೈ ಹಿಡಿದುಕೊಂಡರು. ‘ಹಾಗನ್ಬೇಡಿ ಸಿಸ್ಟರ್, ಬಿಡ್ತು ಅನ್ನಿ.’ ಉಸಿರು ಬಿಟ್ಟರು ಅಂದರೆ ತೀರಿಕೊಂಡರು ಅಂತಲೂ ಆಗುತ್ತದಲ್ಲ, ಅದು ನನಗೆ ಹೊಳೆದಿರಲಿಲ್ಲ. ಅವರು ಹೇಳಿದ ‘ಬಿಡ್ತು ಅನ್ನಿ’ ಅನ್ನುವುದರಲ್ಲೂ ಅದೇ ಬಿಡು ಇದೆ ಅನ್ನುವುದು ಆಮೇಲೆ ಹೊಳೆಯಿತು. ಅವತ್ತಿನಿಂದ ‘ಉಸಿರು ನಿಧಾನ ಆಚೆ ಹಾಕು, ಮೇಣದಬತ್ತಿ ಆರಿಸೋ ಹಾಗೆ ಊದು’ ಅನ್ನುತ್ತೇನೆ, ಬಿಡುವುದನ್ನು ಕೈಗೆ, ಹೆಗಲಿಗೆ, ದವಡೆಗೆ, ಕಾಲ್ಬೆರಳಿಗೆ ಇಟ್ಟುಕೊಂಡಿದ್ದೇನೆ.

ಈಗ ನನ್ನ ಮುಖ್ಯ ಪ್ರಶ್ನೆ. ನೋವು ಚೆನ್ನಾಗಿ ಹತ್ತಿದ ಮೇಲೆ ಹತ್ತು ನಿಮಿಷಕ್ಕೆ ಸುಮಾರು ಮೂರು ಸಲ ಬರುತ್ತದೆ, ಒಂದೊಂದೂ 40ರಿಂದ 60 ಸೆಕೆಂಡು. ಅಂದರೆ ಹತ್ತು ನಿಮಿಷದಲ್ಲಿ ನೋವಿರುವುದು ಎರಡು ಮೂರು ನಿಮಿಷ. ಉಳಿದ ಏಳೆಂಟು ನಿಮಿಷ ಇಲ್ಲ. ಗರ್ಭಕೋಶ ಹಿಂಡುವಾಗ ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಆ ನಡುವಿನ ಹೊತ್ತಿನಲ್ಲಿ ಮತ್ತೆ ಸರಿಯಾಗಿ ಹರಿಯುತ್ತದೆ. ತಾಯಿಗೂ ಸುಧಾರಿಸಿಕೊಳ್ಳಲು ಅದೇ ಹೊತ್ತು. ಹೆದರಿದವಳು ಆ ಏಳೆಂಟು ನಿಮಿಷವನ್ನೂ ಮುಂದಿನ ನೋವಿಗೆ ಕಾಯುತ್ತಾ ಬಿಗಿ ಹಿಡಿದುಕೊಂಡೇ ಕಳೆಯುತ್ತಾಳೆ. ನರ್ಸ್ ಕೊಡಬಹುದಾದ ದೊಡ್ಡ ಸಹಾಯ ಆ ಹೊತ್ತನ್ನು ಅವಳಿಗೆ ತೋರಿಸಿಕೊಡುವುದು. ಪಠ್ಯದಲ್ಲಿ ಅದಕ್ಕೆ ‘ಸಂಕೋಚನಗಳ ನಡುವಿನ ವಿಶ್ರಾಂತಿ ಅವಧಿ’ ಅಂತ ಇದೆ. ಅದನ್ನು ಬಿಡುವು ಅನ್ನಬಹುದಾ? ‘ಈಗ ಬಿಡುವು, ಕೈ ಸಡಿಲ ಬಿಡು, ನೀರು ಕುಡಿ’ ಅಂತ ಹೇಳಿದರೆ ನಿಮ್ಮ ಕಡೆಯ ಹೆಂಗಸರಿಗೆ ಹೇಗೆ ಕೇಳಿಸುತ್ತದೆ? ಕೆಲಸದ ನಡುವಿನ ಪುರುಸೊತ್ತು ಅಂತ ಮಾತ್ರ ಆಗುತ್ತದಾ, ಮಳೆ ಸ್ವಲ್ಪ ಬಿಡುವು ಕೊಟ್ಟಿತು ಅನ್ನುವ ಅರ್ಥವೂ ಬರುತ್ತದಾ? ನಮ್ಮ ಕಡೆ ಎರಡನೆಯದು ಬರುತ್ತದೆ.

ಕುಂದಾಪುರ, ಬಳ್ಳಾರಿ, ಬೀದರ್, ಕೊಡಗು, ಚಾಮರಾಜನಗರ ಕಡೆಯವರು ಉತ್ತರಿಸುವ ಮುಂಚೆ ಒಂದು ಸಲ ನಿಮ್ಮ ತಾಯಿಯನ್ನೋ ಅತ್ತೆಯನ್ನೋ ಕೇಳಿ ಬರೆಯಿರಿ. ನೋವು ಬಂದು ಹೋಗುವ ನಡುವಿನ ಹೊತ್ತಿಗೆ ಅವರು ಏನನ್ನುತ್ತಿದ್ದರು, ಜೊತೆಗೆ ಕೂತ ಹಿರಿಯರು ಅವರಿಗೆ ಏನು ಹೇಳುತ್ತಿದ್ದರು, ಅವರದೇ ಮಾತಿನಲ್ಲಿ. ಕೈಪಿಡಿಯ ಆ ಪುಟದಲ್ಲಿ ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ ‘ಬಿಡುವು’ ಅಂತ ಬರೆದಿದ್ದೇನೆ.